ಕೈಗೆ ಗೊತ್ತಿದ್ದ ಮನೆ

ಮಗನ ಮನೆಯ ಹೊಸ್ತಿಲ ಎಡಕ್ಕೆ ಚಪ್ಪಲಿ ಬಿಡುವ ಒಂದು ಮರದ ಗೂಡು ಇತ್ತು. ಹ್ಯೂಸ್ಟನ್ನಿಗೆ ಬಂದ ಎರಡೇ ತಿಂಗಳಲ್ಲಿ ನನ್ನ ಕಾಲಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ, ಬೆಳಗ್ಗೆ ತಿರುಗಾಡಿ ಬಂದವಳು ಮೊಮ್ಮಗಳ ಜೊತೆ ಮಾತಾಡುತ್ತಲೇ ಇದ್ದರೂ ಚಪ್ಪಲಿ ತಾನಾಗಿ ಹೋಗಿ ಅಲ್ಲಿ ಕೂರುತ್ತಿತ್ತು. 2017ರ ಆಗಸ್ಟ್ 31, ಗುರುವಾರ. ನಾಲ್ಕು ದಿನ ಮಗನ ಸ್ನೇಹಿತರ ಮನೆಯಲ್ಲಿದ್ದು ಮರಳಿದಾಗ ಆ ಗೂಡು ಎದುರುಮನೆಯವರ ಹುಲ್ಲಿನ ಮೇಲೆ ಬೋರಲು ಬಿದ್ದಿತ್ತು. ಬಾಗಿಲು ನೀರು ಕುಡಿದು ಉಬ್ಬಿ ಚೌಕಟ್ಟನ್ನು ಕಚ್ಚಿ ಹಿಡಿದಿತ್ತು. ಮಗ ಮೂರು ಸಲ ಭುಜ ಕೊಟ್ಟ ಮೇಲೆ ಅದು ಒಂದು ಗೇಣು ಸರಿಯಿತು. ಕೊಳೆತ ಹುಲ್ಲು, ಚರಂಡಿ, ಸೀಮೆಎಣ್ಣೆ ಮೂರೂ ಕಲೆತಂಥ ವಾಸನೆ ಹೊರಗೆ ನುಗ್ಗಿತು. ಹಿಂದೆ ನಿಂತಿದ್ದ ನಾನು ಬಗ್ಗಿ ಬೂಟಿನ ಲೇಸಿಗೆ ಕೈ ಹಾಕಿದ್ದೆ.

“ಅಮ್ಮ, ಬಿಚ್ಚಬೇಡ!”

ಹುಟ್ಟಿದಾಗಿನಿಂದ ಅವನು ನನ್ನೆದುರು ಅಷ್ಟು ದನಿ ಏರಿಸಿದ್ದಿಲ್ಲ. ಅವನ ಟಾರ್ಚಿನ ಬೆಳಕು ಒಳಗೆ ಬಿದ್ದಾಗ ಕಾರಣ ಕಂಡಿತು. ನೆಲವೆಲ್ಲ ಬೂದುಬಣ್ಣದ ಕೆಸರು. ಅದರೊಳಗಿನಿಂದ ಒಡೆದ ಗಾಜಿನ ಅಂಚುಗಳು ಮಿನುಗುತ್ತಿದ್ದವು. ನೆಲಕ್ಕೆ ಹಾಸಿದ್ದ ಮರದ ಪಟ್ಟಿಗಳು ಉಬ್ಬಿ ಕಿತ್ತುಕೊಂಡು ಮೊಳೆಗಳನ್ನು ಮೇಲಕ್ಕೆ ಮಾಡಿ ಮಲಗಿದ್ದವು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗು ಎಂದು ಅವನಿಗೆ ಕಲಿಸಿದವಳು ನಾನು. ಆ ಬೆಳಿಗ್ಗೆ ಅವನು ನನಗೆ ಅದಕ್ಕೆ ವಿರುದ್ಧವಾದದ್ದನ್ನು ಕಲಿಸಬೇಕಾಯಿತು.

ಆಗಸ್ಟ್ 25ರ ಶುಕ್ರವಾರ ಗಣೇಶನ ಹಬ್ಬವಿತ್ತು. ಮೊಮ್ಮಗಳು ತಾನೇ ಜೇಡಿಮಣ್ಣಿನಲ್ಲಿ ಮಾಡಿದ ಗಣಪತಿಯನ್ನು ಊಟದ ಕೋಣೆಯ ಪುಟ್ಟ ಮೇಜಿನ ಮೇಲೆ ಕೂರಿಸಿದ್ದಳು. ಅದೇ ರಾತ್ರಿ ಹಾರ್ವೆ ಎಂಬ ಹರಿಕೇನ್ ಟೆಕ್ಸಾಸ್ ಕರಾವಳಿಯ ರಾಕ್‌ಪೋರ್ಟ್ ಬಳಿ ನೆಲ ಮುಟ್ಟಿತು. ಗಾಳಿಯ ವೇಗ ಗಂಟೆಗೆ 130 ಮೈಲಿ. ಅದು ನಮ್ಮಿಂದ ಬಹು ದೂರ. ಗಾಳಿ ನಮ್ಮನ್ನು ಹೆಚ್ಚಾಗಿ ಬಾಧಿಸಲಿಲ್ಲ. ಆದರೆ ಚಂಡಮಾರುತ ಮುಂದೆ ಹೋಗದೆ ಅಲ್ಲೇ ಸುತ್ತಾಡುತ್ತ ನಿಂತುಬಿಟ್ಟಿತು, ಕೊಲ್ಲಿಯ ಬೆಚ್ಚನೆಯ ನೀರನ್ನು ಹೀರುತ್ತ ನಾಲ್ಕು ದಿನ ಸುರಿಯಿತು. ಬ್ಯೂಮಾಂಟ್ ಪಕ್ಕದ ನೆದರ್‌ಲ್ಯಾಂಡ್ ಎಂಬ ಊರಿನಲ್ಲಿ 60.58 ಅಂಗುಲ ಮಳೆ ಬಿತ್ತು. ಬೆಂಗಳೂರಿಗೆ ಇಡೀ ವರ್ಷದಲ್ಲಿ ಬೀಳುವುದಕ್ಕಿಂತ ಅದು ಒಂದೂವರೆ ಪಟ್ಟು. ನಾನು ಮಲೆನಾಡಿನ ಸಾಗರ ಸೀಮೆಯವಳು, ಮಳೆಗೆ ಹೆದರಿ ಬೆಳೆದವಳಲ್ಲ. ಆದರೆ ನಮ್ಮ ಕಡೆ ನೀರಿಗೆ ಇಳಿಜಾರು ಇದೆ, ಹಳ್ಳವಿದೆ, ಕಣಿವೆಯಿದೆ. ಹ್ಯೂಸ್ಟನ್ ಊಟದ ತಟ್ಟೆಯ ಹಾಗೆ ಚಪ್ಪಟೆ. ಅಲ್ಲಿ ಹಳ್ಳಗಳಿಗೆ ಬಾಯು ಎನ್ನುತ್ತಾರೆ. ಮಗನ ಮನೆಯ ಹತ್ತಿರದ ಬ್ರೇಸ್ ಬಾಯು ಭಾನುವಾರ ನಸುಕಿನಲ್ಲಿ ದಡ ಮೀರಿತು.

ಮನೆ ಇರುವುದು ಮೈಯರ್‌ಲ್ಯಾಂಡ್ ಬಡಾವಣೆಯ ಮಗ್ಗುಲಲ್ಲಿ. 1950ರ ದಶಕದ ಒಂದೇ ಅಂತಸ್ತಿನ ಮನೆಗಳು. 2015ರ ಮೇ, 2016ರ ಏಪ್ರಿಲ್, ಈಗ 2017ರ ಆಗಸ್ಟ್. ಮೂರು ವರ್ಷಕ್ಕೆ ಮೂರನೇ ಸಲ ಬಾಯು ನೀರು ಆ ಬೀದಿಗಳಿಗೆ ಬಂದಿತ್ತು. ಎದುರುಮನೆಯಲ್ಲಿ ಒಬ್ಬರು ಮುದುಕರಿದ್ದಾರೆ, ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದ ನಿವೃತ್ತ ಮೇಷ್ಟರು. ಶನಿವಾರ ರಾತ್ರಿಯೇ ಫೋನ್ ಮಾಡಿ, “ಕಾಲು ಒಣಗಿರುವಾಗಲೇ ಮೇನ್ ಸ್ವಿಚ್ ಆರಿಸು. ನೀರು ಬಂದ ಮೇಲೆ ಅದರ ಹತ್ತಿರ ಹೋಗಬೇಡ” ಎಂದಿದ್ದರಂತೆ. ಅವರ ಮಾತು ಕೇಳಿ ಮಗ ಆರಿಸಿದ್ದ. ಭಾನುವಾರ ಮಧ್ಯಾಹ್ನ ಯಾರೋ ಮೀನುಗಾರರ ದೋಣಿ ಬೀದಿಯೊಳಗೆ ಬಂತು. ನಾವು ಎರಡು ಚೀಲ ಹಿಡಿದು ಹತ್ತಿದೆವು. ಗಣಪತಿಯನ್ನು ತರಲಾಗಲಿಲ್ಲ. ಮೊಮ್ಮಗಳು ದೋಣಿಯಲ್ಲಿ ಅದೊಂದನ್ನೇ ಕೇಳುತ್ತಿದ್ದಳು.

ಮುಳುಗಿದ ಮನೆಗೆ ಮರಳುವುದು ಎಂಬುದೇ ನನಗೆ ಹೊಸದು. ನನ್ನ ಅಜ್ಜನ ಮನೆ ಲಿಂಗನಮಕ್ಕಿಯ ಹಿನ್ನೀರಿನೊಳಗಿದೆ. ಶರಾವತಿಗೆ ಕಟ್ಟೆ ಕಟ್ಟಿದಾಗ ನಾನು ಹುಡುಗಿ. ಬಿರುಬೇಸಿಗೆಯಲ್ಲಿ ನೀರು ತಳ ಕಂಡರೆ ಹಳೆಯ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ, ಜನ ಹೋಗಿ ನೋಡಿ ಬರುತ್ತಾರೆ. ಯಾರೂ ಅಲ್ಲಿಗೆ ವಾಸಕ್ಕೆ ಹೋಗುವುದಿಲ್ಲ. ನಮಗೆ ಗೊತ್ತಿದ್ದ ನೀರು ಮನೆಯನ್ನು ತೆಗೆದುಕೊಂಡರೆ ತೆಗೆದುಕೊಂಡಿತು. ಹಾರ್ವೆಯ ನೀರು ಮೂರು ದಿನ ಇಟ್ಟುಕೊಂಡು ತಿರುಗಿ ಕೊಟ್ಟಿತು. ಹಾಗೆ ತಿರುಗಿ ಬಂದ ಮನೆ ನೋಡಲು ಮೊದಲಿನ ಹಾಗೆಯೇ ಇರುತ್ತದೆ, ಮನುಷ್ಯರು ಮೋಸ ಹೋಗುವುದು ಅಲ್ಲಿಯೇ.

ಬರುವ ದಾರಿಯೇ ಮೊದಲ ಪಾಠ. ಬುಧವಾರ ಬಿಸಿಲು ಬಂದಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಹೊರಟೇಬಿಡೋಣ ಎಂದು ಮಗನಿಗೂ ಅನ್ನಿಸಿತ್ತು. ಸೊಸೆ ತಡೆದಳು. ಬೀದಿಯ ನೀರು ಪೂರ್ತಿ ಇಳಿದಿದೆ ಎಂದು ಎದುರುಮನೆಯವರು ಹೇಳುವ ತನಕ, ನಗರದವರು ರಸ್ತೆ ತೆರೆದಿದ್ದೇವೆ ಎನ್ನುವ ತನಕ ಕಾಯೋಣ ಎಂದಳು. ಗುರುವಾರ ಹೊರಟಾಗಲೂ ಹೆದ್ದಾರಿಗಳ ಕೆಳಸೇತುವೆಗಳಲ್ಲಿ ನೀರು ಕೆರೆಯ ಹಾಗೆ ನಿಂತಿತ್ತು, ಒಂದು ಲಾರಿಯ ನೆತ್ತಿ ಮಾತ್ರ ಕಾಣುತ್ತಿತ್ತು. ಮನುಷ್ಯನನ್ನು ಕೆಡವಲು ಹರಿಯುವ ನೀರು ಆರು ಅಂಗುಲ ಇದ್ದರೆ ಸಾಕು, ಎರಡು ಅಡಿ ಇದ್ದರೆ ಹೆಚ್ಚಿನ ಕಾರುಗಳನ್ನು ಎತ್ತಿಕೊಂಡು ಹೋಗುತ್ತದೆ. ನೀರಿನಡಿ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಮೇಲಿನಿಂದ ತಿಳಿಯುವುದಿಲ್ಲ. ಹಾರ್ವೆ ನೇರವಾಗಿ ಬಲಿ ತೆಗೆದುಕೊಂಡದ್ದು 68 ಜನರನ್ನು, ಬಹುತೇಕ ಎಲ್ಲರೂ ಸತ್ತದ್ದು ಮಳೆಯ ನೀರಿನಲ್ಲಿ. ಮಗ ಮೂರು ಕಡೆ ಕಾರು ತಿರುಗಿಸಿದ. ಇಪ್ಪತ್ತು ನಿಮಿಷದ ದಾರಿಗೆ ಎರಡು ಗಂಟೆ ಹಿಡಿಯಿತು.

ಬಾಗಿಲಿಗೆ ಭುಜ ಕೊಡುವ ಮುಂಚೆ ಅವನು ಮನೆಗೆ ಒಂದು ಸುತ್ತು ಬಂದಿದ್ದ, ಗುಡಿಗೆ ಪ್ರದಕ್ಷಿಣೆ ಬಂದ ಹಾಗೆ, ನಿಧಾನವಾಗಿ. ಮಾಡು ಎಲ್ಲಾದರೂ ಜೋತುಬಿದ್ದಿದೆಯೇ, ಗೋಡೆ ಬಿರಿದಿದೆಯೇ, ತಂತಿ ಹರಿದು ಬಿದ್ದಿದೆಯೇ. ಗ್ಯಾಸ್ ಮೀಟರಿನ ಹತ್ತಿರ ನಿಂತು ಮೂಗು ಎತ್ತಿ ಮೂಸಿದ. ಅಂಗಳದಲ್ಲಿ ಉಳಿದಿದ್ದ ಒಂದು ಹೊಂಡದ ನೀರನ್ನು ದಾಟದೆ ಸುತ್ತು ಬಳಸಿ ಹೋದ. ಎರಡೇ ದಿನದ ಹಿಂದೆ ನಗರದ ಇನ್ನೊಂದು ಮೂಲೆಯಲ್ಲಿ ಒಬ್ಬ ಯುವಕ, ಸೋದರಿಯ ಮನೆಯ ಬೆಕ್ಕನ್ನು ನೋಡಿಬರಲು ಹೋದವನು, ಅಂಗಳದ ನೀರಿಗೆ ಕಾಲಿಟ್ಟು ಕರೆಂಟು ತಗುಲಿ ಸತ್ತಿದ್ದ. ನೀರಿನಡಿಯಲ್ಲಿ ಜೀವಂತ ತಂತಿಯಿತ್ತು. ನೀರು ಕಣಕಾಲಿನಷ್ಟೇ ಇದ್ದರೂ ಬಣ್ಣದಲ್ಲಿ ಏನೂ ಹೇಳುವುದಿಲ್ಲ.

ನನ್ನನ್ನು ಒಳಗೆ ಬಿಡಲಿಲ್ಲ. ಮೇಷ್ಟರು ಒಂದು ಮಡಚುವ ಕುರ್ಚಿ ತಂದು ಕಾರು ನಿಲ್ಲಿಸುವ ಸಿಮೆಂಟಿನ ಮೇಲೆ ನೆರಳಿನಲ್ಲಿ ಹಾಕಿಕೊಟ್ಟರು. ಅರವತ್ತೈದು ದಾಟಿದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಈ ಕೆಸರು ಆಗದು ಎಂದರು. ನನಗೆ ಎರಡೂ ಇದೆ. ಹಾಗಾಗಿ ಮನೆಯ ಒಂದೊಂದು ಸಾಮಾನು ಹೊರಗೆ ಬರುವುದನ್ನು ನಾನು ಸಾಲಾಗಿ ನೋಡಿದೆ.

ಮಗ ಸೊಸೆ ಇಬ್ಬರೂ ಮೊಣಕಾಲಿನ ತನಕ ರಬ್ಬರ್ ಬೂಟು, ದಪ್ಪ ಕೈಗವಸು, ಕನ್ನಡಕ, ಎನ್‌95 ಮಾಸ್ಕ್ ಹಾಕಿಕೊಂಡು ಒಳಗೆ ಹೋದರು. ಹಿಂದಿನ ದಿನ ಇಬ್ಬರೂ ಟೆಟನಸ್ ಚುಚ್ಚುಮದ್ದು ಹಾಕಿಸಿಕೊಂಡಿದ್ದರು. ಇದೆಲ್ಲ ಅತಿಯಾಯಿತೇನೋ ಎಂದು ಆ ಹೊತ್ತಿಗೆ ನನಗೆ ಅನ್ನಿಸಿದ್ದು ನಿಜ. ಆದರೆ ಆ ನೀರು ಬರಿಯ ಮಳೆನೀರಲ್ಲ. ಮಲದ ನೀರು, ಪೆಟ್ರೋಲು, ತೋಟದ ಔಷಧಿ, ಸತ್ತ ಪ್ರಾಣಿ ಎಲ್ಲವೂ ಅದರಲ್ಲಿ ಕದಡಿದ್ದವು. ಪ್ರವಾಹ ಇಳಿದ ವಾರಗಳಲ್ಲಿ ಒಂದು ಮನೆಯ ಒಳಗಿನ ನೀರನ್ನು ಪರೀಕ್ಷಿಸಿದಾಗ ಮಲದ ರೋಗಾಣು ಸುರಕ್ಷಿತ ಮಿತಿಯ ನೂರು ಪಟ್ಟಿಗೂ ಮೀರಿತ್ತು. ಮನೆಯೊಳಗೆ ಬಿದ್ದು ಕೈ ಮುರಿದುಕೊಂಡು ಆ ನೀರು ಗಾಯಕ್ಕೆ ತಾಗಿದ 77 ವರ್ಷದ ಒಬ್ಬ ಹೆಂಗಸು ಮಾಂಸ ಕೊಳೆಯುವ ಸೋಂಕಿನಿಂದ ತೀರಿಕೊಂಡರು. ಅಕ್ಟೋಬರಿನಲ್ಲಿ ಗ್ಯಾಲ್ವೆಸ್ಟನ್ ಕಡೆ, ನೆರೆ ಬಂದ ಮನೆಗಳನ್ನು ರಿಪೇರಿ ಮಾಡುತ್ತಿದ್ದ 31ರ ಯುವಕನೂ ಅದೇ ಸೋಂಕಿಗೆ ಬಲಿಯಾದ. ಒಂದು ತರಚು ಗಾಯ ಸಾಕು. ಈಗ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಬೂಟು ಮತ್ತು ಕೈಗವಸಿನ ಮಾತೇ.

ಒಳಗೆ ಹೋಗುತ್ತಿದ್ದ ಹಾಗೆ ಸೊಸೆಯ ಕೈ ಗೋಡೆಯ ಮೇಲೆ ಹೋಯಿತು, ಸ್ವಿಚ್ಚಿನ ಕಡೆಗೆ. ಕುರ್ಚಿಯಲ್ಲಿದ್ದ ನನಗೂ ಅದು ಕಂಡಿತು. ಅರ್ಧ ದಾರಿಯಲ್ಲಿ ತಾನೇ ಎಚ್ಚೆತ್ತು ಕೈ ಹಿಂದಕ್ಕೆಳೆದುಕೊಂಡಳು. ಮೇನ್ ಆರಿಸಿದ್ದರೂ, ಪೆಟ್ಟಿಗೆಯೊಳಗೆ ನೀರು ಹೊಕ್ಕಿದೆಯೋ, ಬೀದಿಯ ಕಡೆಯಿಂದ ಯಾವ ತಂತಿ ಎಲ್ಲಿ ತಾಗಿದೆಯೋ ಎಲೆಕ್ಟ್ರಿಷಿಯನ್ ನೋಡಿ ಹೇಳುವ ತನಕ ಯಾವ ಗುಂಡಿಯನ್ನೂ ಒತ್ತುವಂತಿಲ್ಲ. ಮನೆ ಎಂದರೆ ಕೈಗೆ ಗೊತ್ತಿರುವ ಜಾಗ. ಕತ್ತಲಲ್ಲಿ ಸ್ವಿಚ್ಚು ಎಲ್ಲಿದೆ, ಬೆಂಕಿಪೊಟ್ಟಣ ಯಾವ ಡಬ್ಬಿಯ ಹಿಂದಿದೆ, ಎಷ್ಟು ಹೆಜ್ಜೆಗೆ ಬಚ್ಚಲಿನ ಮೆಟ್ಟಿಲು, ಇವೆಲ್ಲ ತಲೆಗಿಂತ ಮೊದಲು ಕೈಕಾಲಿಗೆ ತಿಳಿದಿರುತ್ತವೆ. ಬೇರೆ ದಿನಗಳಲ್ಲಿ ನಮ್ಮನ್ನು ಕಾಯುವ ಆ ಅರಿವೇ ನೀರು ಇಳಿದ ಮನೆಯಲ್ಲಿ ನಮ್ಮ ಮೇಲೆ ತಿರುಗಿ ಬೀಳುತ್ತದೆ.

ನನ್ನದೂ ಹೇಳಬೇಕು. ಮೇಷ್ಟರ ಜೊತೆ ಮಗ ಹಿತ್ತಲಿಗೆ ಹೋದ ಹೊತ್ತಿನಲ್ಲಿ ನಾನು ಮೆಲ್ಲಗೆ ಎದ್ದೆ. ದೇವರ ಗೂಡು ಅಡುಗೆಮನೆಯ ಕಪಾಟಿನ ಮೇಲ್ಗಡೆ, ನೀರಿಗೆ ಎಟುಕದ ಎತ್ತರದಲ್ಲಿತ್ತು. ನಾಲ್ಕು ದಿನದಿಂದ ದೀಪ ಕಾಣದ ದೇವರು. ಎಷ್ಟೇ ಕೆಸರಿರಲಿ, ಮನೆಗೆ ಬಂದ ಮೇಲೆ ಮೊದಲು ಒಂದು ದೀಪ ಹಚ್ಚದಿದ್ದರೆ ಹೇಗೆ? ಸ್ನೇಹಿತರ ಮನೆಯಿಂದ ಬರುವಾಗಲೇ ಒಂದು ಬತ್ತಿ, ಒಂದು ಬೆಂಕಿಪೊಟ್ಟಣ ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಅಡುಗೆಮನೆಯ ಹಿಂಬಾಗಿಲಿನಲ್ಲಿ ನಿಂತು ಕಡ್ಡಿ ತೆಗೆದೆ.

“ಅತ್ತೆ, ಬೇಡಿ.” ಸೊಸೆ ಓಡಿ ಬರಲಿಲ್ಲ, ಕೂಗಲೂ ಇಲ್ಲ. ಹತ್ತಿರ ಬಂದು ನನ್ನ ಕೈಯ ಮೇಲೆ ಅವಳ ಕೈಯಿಟ್ಟಳು. “ಗ್ಯಾಸ್ ಲೀಕ್ ಆಗಿದ್ದರೆ ನಮಗೆ ವಾಸನೆ ಗೊತ್ತಾಗದೇ ಇರಬಹುದು, ಈ ನಾತದಲ್ಲಿ.”

ಅವಳು ಹೇಳಿದ್ದು ಸರಿ. ನೀರು ತುಂಬಿದಾಗ ಒಲೆ, ಬಿಸಿನೀರಿನ ಟ್ಯಾಂಕು ಎಲ್ಲ ತೇಲಿ ವಾಲಿದ್ದವು, ಕೊಳವೆ ಎಲ್ಲಿ ಸಡಿಲವಾಗಿದೆಯೋ ಯಾರಿಗೆ ಗೊತ್ತು. ಗ್ಯಾಸಿನ ವಾಸನೆ ಬಂದರೆ, ಇಲ್ಲವೇ ಎಲ್ಲೋ ಬುಸುಗುಟ್ಟುವ ಸದ್ದು ಕೇಳಿದರೆ ಅಲ್ಲಿ ನಿಂತು ಫೋನ್ ಕೂಡ ಮಾಡಬಾರದಂತೆ. ಬಾಗಿಲು ತೆರೆದಿಟ್ಟು ಹೊರಗೆ ದೂರ ಬಂದು ಕರೆ ಮಾಡಬೇಕು. ಆ ದಿನ ಮಧ್ಯಾಹ್ನವೇ ಮೂರು ಮನೆ ಆಚೆ ಹಾಗಾಯಿತು. ಗ್ಯಾಸಿನವರು ಬಂದು ಹೋಗುವ ತನಕ ಬೀದಿಯವರೆಲ್ಲ ಬಾಯುವಿನ ಏರಿಯ ಹತ್ತಿರ ನಿಂತೆವು. ಬೆಂಕಿಪೊಟ್ಟಣ ನನ್ನ ಚೀಲದಲ್ಲಿತ್ತು. ಅದರ ಭಾರ ನನಗೆ ಗೊತ್ತಾಗುತ್ತಿತ್ತು.

ಆಮೇಲೆ ಸೊಸೆ ನನ್ನನ್ನು ಊಟದ ಕೋಣೆಯ ಕಿಟಕಿಯ ಹೊರಗಿನಿಂದ ಒಂದು ಸಲ ಒಳಗೆ ನೋಡಲು ಬಿಟ್ಟಳು. ಮೇಜು ಇನ್ನೊಂದು ಕೋಣೆಯ ಬಾಗಿಲಿಗೆ ಅಡ್ಡ ಬಿದ್ದಿತ್ತು. ಗೋಡೆಯ ಮೇಲೆ, ನೆಲದಿಂದ ಎರಡು ಅಡಿಗೆ, ನೂಲು ಹಿಡಿದು ಎಳೆದಂತೆ ಕಂದು ಗೆರೆ. ಕೆಳಗೆ ಕೆಸರಿನಲ್ಲಿ ಒಂದು ಮುದ್ದೆ ಕೆಂಪು ಮಣ್ಣು, ಅದರಲ್ಲಿ ಸಿಕ್ಕಿಕೊಂಡ ಎರಡು ಗುಲಗಂಜಿ. ಗುಲಗಂಜಿ ಗಣಪತಿಯ ಕಣ್ಣು. ಸಂಜೆ ಮೊಮ್ಮಗಳು ಕೇಳಿದಾಗ ಗಣಪತಿ ನೀರಿಗೆ ಹೋದ ಎಂದೆ. ಯಾರು ಬಿಟ್ಟಿದ್ದು ಎಂದಳು. ನೀರೇ ಮನೆಗೆ ಬಂದು ಕರೆದುಕೊಂಡು ಹೋಯಿತು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, “ಕಡುಬು ತಿಂದಾದ ಮೇಲೆ ತಾನೇ?” ಎಂದು ಕೇಳಿದಳು. ಅವಳನ್ನು ಮಾತ್ರ ಎಲ್ಲ ತೊಳೆದು ಒಣಗುವ ತನಕ ಆ ಬೀದಿಗೆ ಕರೆತರಲಿಲ್ಲ. ಮಕ್ಕಳು ಎಲ್ಲವನ್ನೂ ಮುಟ್ಟುತ್ತಾರೆ, ಮುಟ್ಟಿದ ಕೈ ಬಾಯಿಗೆ ಹೋಗುತ್ತದೆ.

ಎರಡನೇ ದಿನದಿಂದ ಎಸೆಯುವ ಕೆಲಸ. ಎಸೆಯುವ ಮುಂಚೆ ಎಲ್ಲಕ್ಕೂ ಫೋಟೋ: ಗೋಡೆಯ ಗೆರೆ, ಫ್ರಿಜ್ಜಿನ ನಂಬರು ಬರೆದ ಚೀಟಿ, ಸೋಫಾ, ಕಪಾಟಿನ ಒಳಗಿನದೂ. ಅಲ್ಲಿ ಮನೆಗೆ ಮಾಡಿಸುವ ಸಾಮಾನ್ಯ ವಿಮೆ ನೆರೆಗೆ ಬರುವುದಿಲ್ಲ, ನೆರೆಗೆ ಬೇರೆಯೇ ವಿಮೆ, ಸರಕಾರಿ ಯೋಜನೆಯಲ್ಲಿ ಕಟ್ಟಡಕ್ಕೆ ಹೆಚ್ಚೆಂದರೆ 2,50,000 ಡಾಲರ್. ಮೈಯರ್‌ಲ್ಯಾಂಡಿನ ಕಥೆ ಗೊತ್ತಿದ್ದರಿಂದ ಮಗ ಮಾಡಿಸಿದ್ದ. ಮನೆಗೆ ನೀರು ನುಗ್ಗಿದ ಬಹುಪಾಲು ಜನರಿಗೆ ಅದು ಇರಲಿಲ್ಲ. ಪಕ್ಕದ ಬೀದಿಯ ಒಬ್ಬ ತಾಯಿ ಅಂಗಳದಲ್ಲಿ ಕೂತು ಮಗುವಿನ ತೊಟ್ಟಿಲನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದಳು. ಅವಳಿಗೆ ನಾನೇನು ಹೇಳಲಿ.

ಫ್ರಿಜ್ಜು ನೀರಿನಲ್ಲಿ ತೇಲಿ, ನೀರಿಳಿದಾಗ ಅಂಗಾತ ಮಲಗಿತ್ತು. ಬಾಗಿಲು ತೆರೆದು ನೋಡೋಣ ಎಂದೆ. ಮೇಷ್ಟರು ಅದರ ಸುತ್ತ ಅಗಲವಾದ ಅಂಟುಪಟ್ಟಿ ಸುತ್ತಿ ಹಾಗೆಯೇ ಬೀದಿಯ ಅಂಚಿಗೆ ಸಾಗಿಸಿದರು. ಕರೆಂಟು ಹೋಗಿ ನಾಲ್ಕು ಗಂಟೆ ದಾಟಿದರೆ ಫ್ರಿಜ್ಜಿನ ಹಾಲು, ಮೊಸರು, ಅನ್ನ ನಂಬಬಾರದು. ಇಲ್ಲಿ ದಿನಗಳೇ ಕಳೆದಿದ್ದವು. ಒಳಗಿದ್ದ ಹಬ್ಬದ ಕಡುಬು ನನ್ನ ಕಣ್ಣ ಮುಂದೆ ಬಂತು.

ಅದಕ್ಕಿಂತ ಕಷ್ಟವಾದದ್ದು ಅಪ್ಪೆಮಿಡಿ ಉಪ್ಪಿನಕಾಯಿ. ಊರಿನಿಂದ ಬರುವಾಗ ತಂದ ಗಾಜಿನ ಭರಣಿ. ಅಡುಗೆಮನೆಯ ಕೆಳಗಿನ ಕಪಾಟಿನಲ್ಲಿ ನೆಟ್ಟಗೆ ನಿಂತಿತ್ತು, ಮುಚ್ಚಳ ಬಿಗಿಯಾಗಿತ್ತು, ಎಣ್ಣೆ ಮೇಲೆ ತಿಳಿಯಾಗಿ ನಿಂತಿತ್ತು. ಏನೂ ಆಗಿಲ್ಲ ಎಂದು ಯಾರು ಬೇಕಾದರೂ ಹೇಳುವ ಹಾಗಿತ್ತು. ಹೊರಗೆ ತೊಳೆದರಾಯಿತು ಎಂದು ನಾನು ಹಟ ಹಿಡಿದೆ. ತಿರುಪು ಮುಚ್ಚಳದ ಸಂದಿಗೆ ಆ ನೀರು ಹೊಕ್ಕಿರುತ್ತದೆ, ತೊಳೆದರೂ ಹೋಗದು, ತಗಡಿನ ಡಬ್ಬಿಯಲ್ಲಿ ಕಾರ್ಖಾನೆಯೇ ಬೆಸೆದಿಟ್ಟ ಪದಾರ್ಥವನ್ನು ಮಾತ್ರ ತೊಳೆದು ಉಳಿಸಿಕೊಳ್ಳಬಹುದು ಎಂದಳು ಸೊಸೆ. ಅಕ್ಕಿ, ಬೇಳೆ, ಸಾರಿನ ಪುಡಿ, ಹಪ್ಪಳ ಎಲ್ಲ ಹೋಯಿತು. ನನ್ನ ಬಿಪಿ ಮಾತ್ರೆ, ಸಕ್ಕರೆ ಮಾತ್ರೆಯ ಸೀಸೆಗಳೂ ಹೋದವು. ಅನ್ನ ಚೆಲ್ಲಬಾರದು ಎಂಬ ಮನೆಯಲ್ಲಿ ಬೆಳೆದವಳು ನಾನು. ಒಂದು ಚೀಲ ಸೋನಾ ಮಸೂರಿಯನ್ನು ಕಸದ ರಾಶಿಗೆ ಹಾಕುವಾಗ ಕೈ ಮುಗಿದೆ. ಲಟ್ಟಣಿಗೆ, ಚಪಾತಿ ಮಣೆ, ಮರದ ಸೌಟುಗಳನ್ನೂ ಉಳಿಸುವಂತಿಲ್ಲ, ಮರ ನೀರು ಕುಡಿದಿರುತ್ತದೆ. ಸ್ಟೀಲಿನ ಪಾತ್ರೆಗಳು ಮಾತ್ರ ಸೋಪಿನಲ್ಲಿ ತಿಕ್ಕಿಸಿಕೊಂಡು ಕುದಿಯುವ ನೀರಿನಲ್ಲಿ ಮುಳುಗಿ ಎದ್ದು ಉಳಿದವು.

ನೆನೆದ ಮದುವೆ ಆಲ್ಬಮ್ಮಿನ ವಿಷಯದಲ್ಲಿ ಒಂದು ಒಳ್ಳೆಯ ಸಂಗತಿ ಕಲಿತೆ. ಅಂಟಿಕೊಂಡ ಫೋಟೋಗಳನ್ನು ಬಿಡಿಸಲು ಹೋಗಬಾರದು. ತಿಳಿನೀರಿನಲ್ಲಿ ಅದ್ದಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿಬಿಟ್ಟರೆ ಹಾಳಾಗುವುದು ಅಲ್ಲಿಗೇ ನಿಲ್ಲುತ್ತದೆ, ಬಿಡುವಾದಾಗ ತೆಗೆದು ಒಣಗಿಸಬಹುದು. ಮಗ ಸೊಸೆಯ ಮದುವೆ ಮೂರು ತಿಂಗಳು ಸ್ನೇಹಿತರ ಮನೆಯ ಫ್ರೀಜರಿನಲ್ಲಿ ಹಸಿರು ಬಟಾಣಿಯ ಪಕ್ಕದಲ್ಲಿತ್ತು.

ಶನಿವಾರ ಕನ್ನಡದವರ ವಾಟ್ಸಾಪ್ ಗುಂಪಿನಿಂದ ಹತ್ತು ಹನ್ನೆರಡು ಜನ ಬಂದರು. ಅಗಲವಾದ ಅಲ್ಯುಮಿನಿಯಂ ತಟ್ಟೆಗಳಲ್ಲಿ ಬಿಸಿಬೇಳೆಭಾತು, ಚಿತ್ರಾನ್ನ. ಕೈ ತೊಳೆಯಲು ಬೇರೆ ನೀರಿನ ಡಬ್ಬ, ಸೋಪು. ನಮ್ಮ ಭಾಗದಲ್ಲಿ ನಲ್ಲಿ ನೀರು ಕುಡಿಯಲು ಯೋಗ್ಯ ಎಂದು ನಗರದವರು ಹೇಳಿದ್ದರು, ಆದರೆ ಬ್ಯೂಮಾಂಟಿನಲ್ಲಿ ಪಂಪುಗಳು ಮುಳುಗಿ ಇಡೀ ಊರಿಗೆ ನಲ್ಲಿಯೇ ನಿಂತಿತ್ತು. ಬಂದವರು ಗೋಡೆ ಕಡಿಯುವ ಕೆಲಸಕ್ಕೆ ಕೈ ಹಾಕಿದರು. ಅಲ್ಲಿನ ಗೋಡೆ ನಮ್ಮ ಹಾಗೆ ಇಟ್ಟಿಗೆ, ಜಂಬಿಟ್ಟಿಗೆಯಲ್ಲ. ಮರದ ಕಂಬಗಳು, ಅವುಗಳ ನಡುವೆ ಹತ್ತಿಯಂಥ ಗಾಜಿನ ನಾರು, ಮೇಲೆ ಶೀಟ್‌ರಾಕ್ ಎಂಬ ಜಿಪ್ಸಂ ಹಲಗೆ. ನೀರು ನಿಂತದ್ದು ಎರಡು ಅಡಿಯಾದರೂ ಹಲಗೆ ಅದನ್ನು ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತದೆ. ಆದ್ದರಿಂದ ಹಲಗೆಯ ಅಗಲವಾದ ನಾಲ್ಕು ಅಡಿಗೇ ಸುತ್ತಲೂ ಕತ್ತರಿಸಿ ತೆಗೆದರು. ಬೂಷ್ಟು ಬರಲು ಒಂದೆರಡು ದಿನ ಸಾಕು. ಮಲೆನಾಡಿನಲ್ಲಿ ಮಳೆಗಾಲಕ್ಕೆ ಚರ್ಮದ ಚೀಲಕ್ಕೆ, ಪುಸ್ತಕಕ್ಕೆ ಬೂಷ್ಟು ಹಿಡಿದರೆ ಒರೆಸಿ ಬಿಸಿಲಿಗಿಡುತ್ತೇವೆ. ಇದು ಗೋಡೆಯ ಹೊಟ್ಟೆಯೊಳಗೆ ಕರ್ರಗೆ, ಹಸಿರಾಗಿ ಬೆಳೆದಿತ್ತು. ಉಬ್ಬಸ ಇದ್ದ ಒಬ್ಬ ಹುಡುಗ ಕೆಲಸಕ್ಕೆ ಬಂದಿದ್ದ, ಅವನನ್ನು ಸೊಸೆ ಒಳಗೆ ಬಿಡದೆ ಊಟ ಬಡಿಸಲು ನಿಲ್ಲಿಸಿದಳು.

ಎಲ್ಲೆಲ್ಲಿ ಕೈ ಹಾಕಬಾರದು ಎಂಬುದನ್ನೂ ಮೇಷ್ಟರು ತೋರಿಸಿಕೊಟ್ಟರು. 1978ಕ್ಕಿಂತ ಹಿಂದಿನ ಮನೆಗಳ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ನೆಲದ ಬಿಲ್ಲೆಗಳಲ್ಲಿ ಕಲ್ನಾರು ಇರಬಹುದು, ಒಣಗಿದ್ದಾಗ ಉಜ್ಜಿ ದೂಳೆಬ್ಬಿಸಬಾರದು. ಬ್ಲೀಚಿಗೆ ಅಮೋನಿಯಾ ಇರುವ ಯಾವುದನ್ನೂ ಬೆರೆಸಬಾರದು, ವಿಷದ ಹೊಗೆ ಏಳುತ್ತದೆ. ಬಿದ್ದ ಹಲಗೆಯಡಿ ಕೈ ತೂರಿಸುವ ಮುಂಚೆ ಕೋಲಿನಿಂದ ತಟ್ಟಬೇಕು. ಅದು ನಮಗೆ ಹೇಳಿಕೊಡಬೇಕಾದ ಮಾತಲ್ಲ, ಅಡಿಕೆ ಸೋಗೆ ಎತ್ತುವಾಗ ನಾವು ಮಾಡುವುದೇ ಅದು. ಹಾವು ಸಿಗಲಿಲ್ಲ. ಆದರೆ ಬೆಂಕಿಯಿರುವೆ ಸಿಕ್ಕವು. ನೆರೆ ಬಂದಾಗ ಅವು ಒಂದರ ಕಾಲನ್ನೊಂದು ಹಿಡಿದು ತೆಪ್ಪದ ಹಾಗೆ ತೇಲುತ್ತವೆ, ನಡುವೆ ರಾಣಿ, ಮರಿ. ಹಿತ್ತಲಿನಲ್ಲಿ ಅಂಥದೊಂದು ತೆಪ್ಪ ದಡ ಸೇರಿ ಹೂಕುಂಡದಲ್ಲಿ ಬಿಡಾರ ಹೂಡಿತ್ತು. ಮಗನ ಮೊಣಕೈ ಎರಡು ದಿನ ಊದಿಕೊಂಡಿತ್ತು.

ರಾತ್ರಿ ಅಲ್ಲಿ ಉಳಿಯುತ್ತಿರಲಿಲ್ಲ. ನಗರದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದರ ತನಕ ಕರ್ಫ್ಯೂ ಹಾಕಿದ್ದರು. ಮೇಷ್ಟರು ಮಾತ್ರ ತಮ್ಮ ಮನೆ ಬಿಟ್ಟು ಹೋಗಲಿಲ್ಲ. ಅವರ ಜನರೇಟರು ಮನೆಯಿಂದ ಇಪ್ಪತ್ತು ಅಡಿಗೂ ದೂರದಲ್ಲಿ, ಹೊಗೆಯ ಬಾಯಿ ಬೀದಿಯ ಕಡೆಗಿರುವಂತೆ ಕೂತಿತ್ತು. ಅವರು ನಾವು ಹೊರಡುವ ಮುಂಚೆ ಅದರ ಸದ್ದು ಕೇಳಿಸಿಕೊಂಡು, ಗಾಳಿ ಯಾವ ಕಡೆಗಿದೆ ಎಂದು ಬೆರಳು ಒದ್ದೆ ಮಾಡಿ ನೋಡುತ್ತಿದ್ದರು. ಜನರೇಟರಿನಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ನೋವು, ಓಕರಿಕೆ ಬರುತ್ತದೆ. ದಣಿದವರು ದಣಿವೆಂದುಕೊಂಡು ಮಲಗುತ್ತಾರೆ, ಮಲಗಿದವರು ಏಳುವುದಿಲ್ಲ. ಮೂರು ವರ್ಷದ ಮೇಲೆ, 2020ರ ಆಗಸ್ಟಿನಲ್ಲಿ, ಲಾರಾ ಹರಿಕೇನ್ ಲೂಯಿಸಿಯಾನಕ್ಕೆ ಬಡಿದಾಗ ಸತ್ತವರಲ್ಲಿ ಈ ಅನಿಲಕ್ಕೆ ಬಲಿಯಾದವರದೇ ದೊಡ್ಡ ಪಾಲು. ಗ್ಯಾರೇಜಿನಲ್ಲಿಟ್ಟ ಒಂದು ಯಂತ್ರದಿಂದ ಒಂದೇ ಮನೆಯ ಹಲವರು ಹೋದರು. ಗಂಟೆಗೆ 150 ಮೈಲಿಯ ಗಾಳಿಯನ್ನು ತಡೆದುಕೊಂಡು ಬದುಕಿದವರು, ಮಾರನೆಯ ರಾತ್ರಿ ಒಂದು ಫ್ಯಾನಿನ ಗಾಳಿಗಾಗಿ. ಸುದ್ದಿ ಓದಿದ ದಿನ ನಾನು ಸಾಗರದಲ್ಲಿದ್ದೆ. ಮೇಷ್ಟರ ಒದ್ದೆ ಬೆರಳು ನೆನಪಾಯಿತು.

ಆಮೇಲಿನದು ಕಾಯುವ ಕೆಲಸ. ಬೀದಿಯ ಎರಡೂ ಕಡೆ ಆಳೆತ್ತರದ ರಾಶಿ: ಹಲಗೆ, ಹಾಸಿಗೆ, ಪಿಯಾನೋ, ಆಟಿಕೆ. ಒಳಗೆ ಎಲುಬು ಕಾಣುವ ಮನೆ. ಅಡುಗೆಮನೆಯಲ್ಲಿ ನಿಂತರೆ ಮಲಗುವ ಕೋಣೆಯ ಕಿಟಕಿ ಕಂಬಗಳ ಸಂದಿಯಿಂದ ಕಾಣುತ್ತಿತ್ತು. ಎರಡು ವಾರದ ಮೇಲೆ ಒಬ್ಬ ಗುತ್ತಿಗೆದಾರ ಬಂದು, ಪೂರ್ತಿ ಹಣ ಮುಂಗಡ ಕೊಟ್ಟರೆ ನಾಳೆಯೇ ಗೋಡೆ ಮುಚ್ಚುತ್ತೇನೆ ಎಂದ. ಮಗನಿಗೆ ಆಸೆಯಾಯಿತು. ಮೇಷ್ಟರು ತಮ್ಮ ಜೇಬಿನಿಂದ ಎರಡು ಸೂಜಿಯ ಒಂದು ಪುಟ್ಟ ಯಂತ್ರ ತೆಗೆದು ಕಂಬಕ್ಕೆ ಚುಚ್ಚಿದರು. 28 ಎಂದು ತೋರಿಸಿತು. ಮರದೊಳಗಿನ ತೇವ ನೂರಕ್ಕೆ 15ರ ಕೆಳಗೆ ಇಳಿಯುವ ತನಕ ಮುಚ್ಚಿದರೆ ಬೂಷ್ಟನ್ನು ಒಳಗಿಟ್ಟು ಗೋಡೆ ಕಟ್ಟಿದಂತೆ ಎಂದರು. ಬಡಗಿಯ ಮಾತು, ನನಗೆ ಕೂಡಲೇ ನಂಬಿಕೆ ಬಂತು, ಹಸಿ ಮರದಲ್ಲಿ ಬಾಗಿಲು ಮಾಡಿಸುವವರು ನಮ್ಮೂರಲ್ಲೂ ಇಲ್ಲ. ಆಮೇಲೆ ದಿನಾ ಸಂಜೆ ಕಂಬಗಳ ಮೇಲೆ ಸೊಸೆ ಪೆನ್ಸಿಲಿನಲ್ಲಿ ಅಂಕಿ ಬರೆಯತೊಡಗಿದಳು. 26. 24. ಒಂದು ದಿನ ಮಳೆ ಬಂದು ಮತ್ತೆ 25. ಅಕ್ಟೋಬರ್ ಮಧ್ಯದಲ್ಲಿ ಎಲ್ಲ ಕಂಬಗಳೂ 13, 14ಕ್ಕೆ ಬಂದವು.

ಎಲೆಕ್ಟ್ರಿಷಿಯನ್ ಹೊಸ ತಂತಿ ಎಳೆದು, ಪ್ಲಗ್ ಪಾಯಿಂಟುಗಳನ್ನು ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಏರಿಸಿದ. ಪೆನ್ಸಿಲ್ ಅಂಕಿಗಳ ಮೇಲೆ ಹೊಸ ಹಲಗೆ ಬಂತು, ಬಣ್ಣ ಬಂತು. ಡಿಸೆಂಬರಿನಲ್ಲಿ ನಾನು ಊರಿಗೆ ಹೊರಡುವ ಹಿಂದಿನ ದಿನ ಆ ಮನೆಯಲ್ಲಿ ಮಲಗಿದೆ. ಗ್ಯಾಸಿನವರು ಪರೀಕ್ಷೆ ಮಾಡಿ ಚೀಟಿ ಕೊಟ್ಟಿದ್ದರಿಂದ ಸಂಜೆ ದೇವರಿಗೆ ದೀಪ ಹಚ್ಚಿದೆ, ಸೊಸೆ ಪಕ್ಕದಲ್ಲಿ ನಿಂತಿದ್ದಳು. ರಾತ್ರಿ ಎಚ್ಚರವಾಯಿತು. ಫೋನಿಗೆ ಚಾರ್ಜ್ ಹಾಕಿರಲಿಲ್ಲ. ಕತ್ತಲಲ್ಲಿ ಕೈ ಮಂಚದ ಪಕ್ಕ ಕೆಳಕ್ಕೆ, ಹಳೆಯ ಪಾಯಿಂಟಿನ ಜಾಗಕ್ಕೆ ಹೋಯಿತು. ಅಲ್ಲಿ ಬರೀ ಗೋಡೆ, ನುಣ್ಣಗೆ, ತಣ್ಣಗೆ, ಒಣಗಿತ್ತು. ಸ್ವಲ್ಪ ಹೊತ್ತು ಕೈಯನ್ನು ಅಲ್ಲಿಯೇ ಇಟ್ಟುಕೊಂಡಿದ್ದೆ.